ಹಿಂದೆ ಹಾಕಿದ ತೊಟ್ಟಿ

ನೀರು ಸರಬರಾಜು ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಮೊದಲು ಎರಡು ಮಾನಿಟರ್ ಇದ್ದವು. ಒಂದನ್ನು ಇಂಜಿನಿಯರ್ ಸಾಹೇಬರು ತಮ್ಮ ಕೋಣೆಗೆ ಹೊರಿಸಿಕೊಂಡು ಹೋದರು. ತಮ್ಮದು ಕೆಟ್ಟಿದೆ, ಹೊಸದು ಬರುವವರೆಗೆ ಇರಲಿ ಎಂದಿದ್ದರು. ಹೊಸದು ಬರಲಿಲ್ಲ, ಒಯ್ದದ್ದು ಮರಳಲಿಲ್ಲ. ಅಂದಿನಿಂದ ಎರಡು ನೆಲತೊಟ್ಟಿಗಳ ವಿಂಡೋಗಳೂ ಒಂದೇ ಪರದೆಯಲ್ಲಿ ಒಂದರ ಬೆನ್ನಿಗೊಂದು ಕೂತವು.

ಅವೆರಡೂ ಅವಳಿ ಮಕ್ಕಳ ಹಾಗೆ. ಅದೇ ನೀಲಿ ಹಿನ್ನೆಲೆ, ಅದೇ ಮೂಲೆಯಲ್ಲಿ ತೊಟ್ಟಿಗೆ ನೀರು ಬಿಡುವ ವಾಲ್ವಿನ ಚಿತ್ರ, ಅದರ ಕೆಳಗೆ ತೆರೆ, ಮುಚ್ಚು, ನಿಲ್ಲಿಸು ಎಂಬ ಗುಂಡಿಗಳು. ಯಾವ ತೊಟ್ಟಿ ಎಂದು ಹೇಳುವುದು ಮೇಲಿನ ಪಟ್ಟಿಯಲ್ಲಿದ್ದ ಇರುವೆ ಗಾತ್ರದ ಒಂದು ಅಂಕಿ ಮಾತ್ರ. ಮೂರನೆಯದೊಂದು ವಿಂಡೋ ಇತ್ತು, ಪೈಪುಗಳಲ್ಲಿ ನೀರಿನ ಒತ್ತಡ ತೋರಿಸುವುದು. ಅದು ಮಾತ್ರ ಬೇರೆ ಥರ, ಕಪ್ಪು ಹಲಗೆಯ ಮೇಲೆ ಹಸಿರು ಗೆರೆ.

ಹಗಲು ಪಾಳಿಯ ಆಪರೇಟರ್ ಆಗಿದ್ದ ಅವಳು ಆ ಅಂಕಿಯನ್ನು ನೋಡುವುದು ಬಿಟ್ಟು ಬಹಳ ಕಾಲವಾಗಿತ್ತು. ಅವಳ ಎಡಗೈ ನೋಡಿಕೊಳ್ಳುತ್ತಿತ್ತು. ಹೆಬ್ಬೆರಳು ಕೀಬೋರ್ಡಿನ ಆಲ್ಟ್ ಮೇಲೆ, ನಡುಬೆರಳು ಟ್ಯಾಬ್ ಮೇಲೆ. ಒಮ್ಮೆ ತಟ್ಟಿದರೆ, ಇದಕ್ಕೆ ಮುಂಚೆ ಯಾವ ವಿಂಡೋದಲ್ಲಿ ಇದ್ದೆವೋ ಅದು ಎದುರಿಗೆ ಬರುತ್ತದೆ. ಇನ್ನೊಮ್ಮೆ ತಟ್ಟಿದರೆ ಮತ್ತೆ ಮೊದಲಿನದು. ದಿನವಿಡೀ ಅವಳ ಕೆಲಸ ಅಷ್ಟೇ: ಒತ್ತಡ ನೋಡು, ತಟ್ಟು, ತೊಟ್ಟಿ ನೋಡು, ತಟ್ಟು, ಒತ್ತಡ ನೋಡು. ಬಲಗೈ ಫೋನಿಗೆ ಬಿಡುವಾಗಿರಬೇಕಿತ್ತು. ಊರಿನಲ್ಲಿ ನಲ್ಲಿ ಸಣ್ಣಗಾದರೆ ಬೈಯುವವರಿಗೆ ಮೊದಲು ಸಿಗುತ್ತಿದ್ದುದು ಅವಳೇ.

ತೊಟ್ಟಿಯೊಳಗೆ ಜನ ಇಳಿದು ತೊಳೆಯುವಾಗ ಏನು ಮಾಡಬೇಕೆಂದು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆದಿತ್ತು. ವಾಲ್ವಿನ ಮೋಟರಿಗೆ ಕರೆಂಟು ತೆಗೆಯಬೇಕು, ಪ್ಯಾನೆಲ್ ಕೋಣೆಗೆ ಬೀಗ ಹಾಕಬೇಕು, ಕೀಲಿ ಇಳಿಯುವವನ ಜೇಬಿನಲ್ಲಿರಬೇಕು. ಯಾರೂ ಹಾಗೆ ಮಾಡುತ್ತಿರಲಿಲ್ಲ. ಪ್ಯಾನೆಲ್ ಕೋಣೆ ಅಂಗಳದ ಆಚೆ ತುದಿಯಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಹಳೆ ಕಾಲದ ವೈರಿಂಗು. ಎರಡೂ ವಾಲ್ವುಗಳಿಗೆ ಒಂದೇ ಸಾಲಿನ ಫ್ಯೂಸು. ತೆಗೆದರೆ ಎರಡೂ ಸತ್ತಂತೆ. ಒಂದು ತೊಟ್ಟಿ ತೊಳೆಯುವಾಗ ಊರು ಬದುಕುವುದು ಇನ್ನೊಂದರಿಂದ. ಅದನ್ನು ತೆರೆಯಲೂ ಮುಚ್ಚಲೂ ಬಾರದೆ ಕೂತರೆ ಸಾಹೇಬರು ಸುಮ್ಮನಿರುತ್ತಾರೆಯೇ.

ಹಾಗಾಗಿ ಇಲ್ಲಿಯ ಪದ್ಧತಿಯೇ ಬೇರೆ. ಜನ ಇಳಿಯುವ ತೊಟ್ಟಿಯ ವಿಂಡೋವನ್ನು ಆಪರೇಟರ್ ಉಳಿದ ಎರಡರ ಹಿಂದೆ ತಳ್ಳುವುದು, ಆಮೇಲೆ ಮುಟ್ಟದಿರುವುದು. ತಟ್ಟುತ್ತಿದ್ದರೆ ಮುಂದಿನ ಎರಡೇ ಅದಲುಬದಲಾಗುತ್ತಿರುತ್ತವೆ, ಮೂರನೆಯದು ಕಣ್ಣಿಗೇ ಬೀಳುವುದಿಲ್ಲ. ಫೋನಿನಲ್ಲಿ ತೊಳೆಯುವವರ ಮೇಸ್ತ್ರಿಗೆ 'ಹಿಂದೆ ಹಾಕಿದ್ದೀನಿ' ಎಂದರೆ ಮುಗಿಯಿತು. ಆ ಎರಡು ಮಾತು ನಂಬಿ ಜನ ಏಣಿಗೆ ಕಾಲಿಡುತ್ತಿದ್ದರು. ಇಷ್ಟು ವರ್ಷ ಏನೂ ಆಗಿರಲಿಲ್ಲ. ಏನೂ ಆಗದಿದ್ದುದೇ ಆ ಪದ್ಧತಿಗಿದ್ದ ಒಂದೇ ಆಧಾರ.

ಆ ದಿನ ಎರಡನೇ ತೊಟ್ಟಿಯ ಸರದಿ. ಬೆಳಿಗ್ಗೆ ಮೇಸ್ತ್ರಿಯ ಫೋನು ಬಂತು.

"ಅಕ್ಕಾವ್ರೆ, ಇಳಿಸ್ಲಾ?"

"ತಡೀರಿ ಸ್ವಲ್ಪ." ಅವಳು ಎರಡನೇ ತೊಟ್ಟಿಯ ವಾಲ್ವು ಮುಚ್ಚಿರುವುದನ್ನು ಕಣ್ಣಾರೆ ನೋಡಿದಳು. ಒಂದನೇ ತೊಟ್ಟಿಯನ್ನು ಮುಂದೆ ತಂದಳು, ಒತ್ತಡವನ್ನು ಅದರ ಮುಂದೆ ತಂದಳು. "ಹಿಂದೆ ಹಾಕಿದ್ದೀನಿ. ಎಷ್ಟು ಜನ?"

"ಮೂರು. ನಿಮ್ಮ ತಮ್ಮನೂ ಇದ್ದಾನೆ. ತಗೊಳ್ಳಿ, ಮಾತಾಡ್ತಾನಂತೆ."

ಫೋನು ಕೈ ಬದಲಾಯಿತು. "ಅಕ್ಕ, ಭಾವನ ಗಂಬೂಟು ಹಾಕ್ಕೊಂಡು ಬಂದಿದ್ದೀನಿ. ಹುಡುಕ್ತಾ ಇದ್ರೆ ಗೊತ್ತಿಲ್ಲ ಅನ್ನು."

"ಅವರ ಕಾಲೆಲ್ಲಿ, ನಿನ್ನ ಕಾಲೆಲ್ಲಿ. ಎರಡು ಕಾಲೂ ಒಂದೇ ಬೂಟಲ್ಲಿ ಹಿಡಿಸ್ತವೆ."

"ಕಾಲ್ಚೀಲ ತುರುಕಿದ್ದೀನಿ. ನನ್ನದು ಓಟೆ ಬಿದ್ದಿದೆ, ಏನ್ ಮಾಡ್ಲಿ. ನೀನು ಕೊಡಿಸ್ತೀಯಾ?"

"ಹೋಗ್ ಕೆಲಸ ನೋಡು."

ಅವನನ್ನು ಈ ಕೆಲಸಕ್ಕೆ ಹಚ್ಚಿದವಳು ಅವಳೇ. ಊರೂರು ಅಲೆದುಕೊಂಡಿದ್ದವನನ್ನು ಮೇಸ್ತ್ರಿಯ ಕೈಕಾಲು ಹಿಡಿದು ಸೇರಿಸಿದ್ದಳು. ನಿನ್ನ ಕಣ್ಣೆದುರಿಗೇ ಇರ್ತಾನಲ್ಲ, ಅದೇ ಸಾಕು ಎಂದು ಅಮ್ಮ ನೆಮ್ಮದಿ ಪಟ್ಟಿದ್ದಳು. ಕಂಟ್ರೋಲ್ ರೂಮಿನಿಂದ ತೊಟ್ಟಿ ಕಾಣುತ್ತಿರಲಿಲ್ಲ ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲ. ಮಹಡಿ ಇಳಿದು, ಪಂಪುಗಳ ಶೆಡ್ಡು ದಾಟಿ, ಅಂಗಳದ ಉದ್ದಕ್ಕೂ ನಡೆದರೆ ನೆಲದಲ್ಲೊಂದು ಕಬ್ಬಿಣದ ಮುಚ್ಚಳ, ಅದರ ಕೆಳಗೆ ಗೋಡೆಗೆ ಬಡಿದ ಏಣಿ. ಒಳಗೆ ಕಂಬಗಳ ಸಾಲು, ಕತ್ತಲೆ, ಪಾಚಿ ವಾಸನೆ. ಗಾಳಿ ಹೋಗಲೆಂದು ಬಾಯಿಗೆ ಇಟ್ಟ ದೊಡ್ಡ ಫ್ಯಾನು ಹುಚ್ಚು ಹಿಡಿದಂತೆ ಅರಚುತ್ತಿರುತ್ತದೆ. ಆಚೆ ಕೊನೆಯಲ್ಲಿ ಕೆಸರು ಬಳಿಯುವವನನ್ನು ಕೂಗಿದರೆ ಅವನಿಗೆ ಕೇಳುವುದು ಫ್ಯಾನಿನ ಸದ್ದು ಮಾತ್ರ.

ಮಧ್ಯಾಹ್ನದ ಊಟಕ್ಕೆ ಅವಳನ್ನು ಬಿಡಿಸಲು ಬಂದವನು ತೂಕಡಿಕೆ. ಅವನ ಹೆಸರು ಅದಲ್ಲ, ಆದರೆ ಸಂಬಳದ ದಿನ ಬಿಟ್ಟರೆ ಬೇರೆ ದಿನ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವನೂ ಓಗೊಡುತ್ತಿದ್ದ.

"ಏಳಮ್ಮ, ಉಂಡು ಬಾ. ನಾನಿದ್ದೀನಿ."

"ನೀವಿದ್ದೀರಿ ಅನ್ನೋದೇ ಭಯ."

"ನಿದ್ದೆ ಮಾಡಲ್ಲ ತಾಯಿ. ಈಗಷ್ಟೇ ಮುಗಿಸ್ಕೊಂಡು ಬಂದೆ."

"ಎರಡನೇದು ಹಿಂದೆ ಇದೆ. ಒಳಗೆ ಜನ ಇದ್ದಾರೆ, ನನ್ನ ತಮ್ಮ ಇದ್ದಾನೆ. ಒಂದನೇದು ತುಂಬಿತ್ತು, ಅದರ ವಾಲ್ವೂ ಮುಚ್ಚಿದ್ದೀನಿ. ಏನೂ ಮುಟ್ಬೇಡಿ."

"ನಾನ್ಯಾಕೆ ಮುಟ್ಲಿ. ಮೈ ತುರಿಸಿದ್ರೂ ಮುಟ್ಟಲ್ಲ."

ಅವಳು ಉಂಡು, ಡಬ್ಬಿ ತೊಳೆದು ಬಂದಾಗ ಅವನು ಕೈಕಟ್ಟಿ ಕೂತಿದ್ದ. ಪರದೆಯಲ್ಲಿ ಒತ್ತಡದ ಹಸಿರು ಗೆರೆ ಎಂದಿನಂತೆ ಓಡುತ್ತಿತ್ತು. ತಾನು ಬಿಟ್ಟು ಹೋದದ್ದೇ ಎದುರಿಗಿದೆ ಎಂದು ಅವಳ ಕಣ್ಣು ಒಪ್ಪಿಕೊಂಡಿತು.

"ನೋಡಮ್ಮ, ಹೆಂಗಿತ್ತೋ ಹಂಗೆ ಕೊಟ್ಟಿದ್ದೀನಿ. ರಜೆ ಮಂಜೂರಾಯ್ತಾ ಅಂತ ಒಂದ್ಸಲ ತೆಗೆದು ನೋಡ್ದೆ, ಅಷ್ಟೇ."

"ಆಯ್ತಾ?"

"ಎಲ್ಲಿ ಆಗುತ್ತೆ. ನಾನು ಸತ್ತ ಮೇಲೆ ಕೊಡ್ತಾರೆ." ಅವನು ಆಕಳಿಸಿಕೊಂಡು ಹೊರಗೆ ಹೋದ.

ಅವನು ಅದೇ ಪರದೆಯಲ್ಲಿ ರಜೆಯ ಪುಟ ತೆಗೆದು ಮುಚ್ಚುವಾಗ ಎರಡನೇ ತೊಟ್ಟಿ ಎದುರಿಗೆ ಬಂದಿತ್ತು. ಅಯ್ಯೋ ಇದಲ್ಲ ಎಂದು ಒತ್ತಡದ ವಿಂಡೋವನ್ನು ಅದರ ಮುಂದೆ ತಂದು ಕೂತಿದ್ದ. ಒಂದು ಗುಂಡಿಯನ್ನೂ ಒತ್ತಿರಲಿಲ್ಲ. ಆದರೆ ಈಗ ಒತ್ತಡದ ಬೆನ್ನಿಗಿದ್ದದ್ದು ಎರಡನೇ ತೊಟ್ಟಿ. ಒಂದನೇ ತೊಟ್ಟಿ ಎಲ್ಲಕ್ಕೂ ಹಿಂದೆ ಹೋಗಿತ್ತು. ಇದೆಲ್ಲ ಅವಳಿಗೆ ಗೊತ್ತಾದದ್ದು ಆಮೇಲೆ.

ಕುರ್ಚಿ ಬಿಸಿಯಾಗುವ ಮೊದಲೇ ಸಾಹೇಬರ ಫೋನು.

"ಒಂದನೇದು ತೆರೀಮ್ಮ. ಮಟ್ಟ ಇಳೀತಾ ಇದೆಯಂತೆ. ಆಸ್ಪತ್ರೆ ಕಡೆಯೋರು ನನ್ನ ತಲೆ ತಿಂತಿದ್ದಾರೆ."

"ತೆರೀತೀನಿ ಸರ್."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡೇ ಎಡಗೈ ಒಮ್ಮೆ ತಟ್ಟಿತು. ನೀಲಿ ವಿಂಡೋ ಬಂತು. ವಾಲ್ವು ಮುಚ್ಚಿದೆ ಎಂದಿತ್ತು, ಸರಿಯೇ. ಅವಳು ತೆರೆ ಎಂಬುದನ್ನು ಒತ್ತಿದಳು. ಖಚಿತವೇ ಎಂದು ಕೇಳಿತು. ಅದು ದಿನಕ್ಕೆ ಎಷ್ಟೋ ಸಲ ಕೇಳುತ್ತದೆ. ಅದು ಕೇಳಿ ಮುಗಿಸುವ ಮೊದಲೇ ಬೆರಳು ಹೌದೆಂದಿತು.

"ಆಯ್ತು ಸರ್, ತೆರೆದಿದ್ದೀನಿ."

ವಾಲ್ವಿನ ಚಿತ್ರ ಮಿನುಗತೊಡಗಿತು. ಅವಳು ಒತ್ತಡಕ್ಕೆ ಹೋದಳು. ಹಸಿರು ಗೆರೆ ಬಾಗಿತು. ನೀರು ಎಲ್ಲಿಗೋ ಹೋಗುತ್ತಿದೆ, ಸರಿ. ತಟ್ಟಿ ನೀಲಿಗೆ ಬಂದಳು. ಮಟ್ಟ ಇನ್ನೂ ಏರಿರಲಿಲ್ಲ. ಅಷ್ಟು ಬೇಗ ಏರುವುದೂ ಇಲ್ಲ. ಮತ್ತೊಮ್ಮೆ ಹೋಗಿ ಬಂದಳು. ಆಗ ಏನೋ ಸರಿಯಿಲ್ಲ ಅನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅಂಕಿ ಅಲುಗುತ್ತಿರಲಿಲ್ಲ.

ತೊಟ್ಟಿಯ ನೀರು ಎಂದೂ ಸುಮ್ಮನಿರುವುದಿಲ್ಲ. ಪಂಪು ನಡುಗಿಸುತ್ತದೆ, ಪೈಪು ನಡುಗಿಸುತ್ತದೆ. ಮಟ್ಟದ ಕೊನೆಯ ಅಂಕಿ ಯಾವಾಗಲೂ ಹಲ್ಲಿಯ ಬಾಲದ ಹಾಗೆ ಮಿಡುಕುತ್ತಿರುತ್ತದೆ. ಇಲ್ಲಿ ಅದು ಕಲ್ಲಿನ ಮೇಲೆ ಕೊರೆದ ಹಾಗಿತ್ತು. ಎರಡನೇ ತೊಟ್ಟಿಯ ಮಟ್ಟ ಅಳೆಯುವ ಸೆನ್ಸರನ್ನು ನೀರು ಖಾಲಿ ಮಾಡುವ ಮೊದಲೇ ಬಿಚ್ಚಿಟ್ಟಿದ್ದರು. ಅದರ ವಿಂಡೋದಲ್ಲಿ ಬಿಚ್ಚಿದ ಹೊತ್ತಿನ ಮಟ್ಟವೇ ನಿಂತುಬಿಟ್ಟಿತ್ತು. ತುಂಬಿದ ತೊಟ್ಟಿಯ ಮಟ್ಟ.

ಅವಳು ಮೇಲಿನ ಪಟ್ಟಿ ನೋಡಿದಳು. ಎರಡು ಎಂದಿತ್ತು.

ಒಂದನೇದು ಎಲ್ಲಿ ಎಂದು ತಟ್ಟಿದಳು. ಹಸಿರು ಗೆರೆ ಬಂತು. ಆಲ್ಟ್ ಬಿಡದೆ ಮತ್ತೆ ತಟ್ಟಿದಳು, ಬಿಟ್ಟಳು, ಮತ್ತೆ ತಟ್ಟಿದಳು. ನೀಲಿ, ಕಪ್ಪು, ನೀಲಿ. ಯಾವುದೋ ಒಂದು ನೀಲಿಯ ಮೇಲೆ ನಿಲ್ಲಿಸು ಎಂಬುದನ್ನು ಒತ್ತಿದಳು, ಹೌದೆಂದಳು. ಬಲಗೈಯಲ್ಲಿ ಮೇಸ್ತ್ರಿಗೆ ಫೋನು ಹಚ್ಚಿದ್ದಳು. ಅದು ರಿಂಗಾಗುತ್ತಲೇ ಇತ್ತು. ಬಾಗಿಲಲ್ಲಿ ತೂಕಡಿಕೆ ಏನಮ್ಮ ಎಂದ.

"ಎರಡನೇದು ತೆರೆದುಬಿಟ್ಟೆ. ಮುಚ್ಚಿ. ಮೇಲಿನ ಅಂಕಿ ನೋಡಿ ಮುಚ್ಚಿ."

ಅವಳು ಮೆಟ್ಟಿಲನ್ನು ಇಳಿದಳೋ ಬಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಪಂಪಿನ ಶೆಡ್ಡು ದಾಟುವಾಗ ಒಂದು ಚಪ್ಪಲಿ ಹೋಯಿತು.

ತೊಟ್ಟಿಯ ಬಾಯಿಯ ಹತ್ತಿರ ಯಾರೂ ಇರಲಿಲ್ಲ. ಮೇಸ್ತ್ರಿ ಅಂಗಿ ಬಿಚ್ಚಿ ಫ್ಯಾನಿನ ಹಿಡಿಕೆಗೆ ನೇತುಹಾಕಿ ಮರದ ನೆರಳಿಗೆ ಹೋಗಿದ್ದ. ಅಂಗಿಯ ಜೇಬಿನಲ್ಲಿ ಅವನ ಫೋನು ಅವಳು ಹಚ್ಚಿದ ಕರೆಗೆ ಇನ್ನೂ ಬಡಿದುಕೊಳ್ಳುತ್ತಿತ್ತು. ಅವಳು ಫ್ಯಾನಿನ ವೈರನ್ನು ಕಿತ್ತೆಸೆದಳು. ಅದರ ಅರಚಾಟ ಇಳಿಯುತ್ತ ಬಂದು ನಿಂತಿತು. ನಿಂತ ಮೇಲೆ ಕೆಳಗಿನ ಸದ್ದು ಕೇಳಿತು. ಲಾರಿಯಿಂದ ಜಲ್ಲಿ ಸುರಿದಂತೆ, ನಿಲ್ಲದೆ.

ಅವಳು ನೆಲದ ಮೇಲೆ ಮಲಗಿ ತಲೆಯನ್ನು ಒಳಗೆ ಇಳಿಬಿಟ್ಟು ಕೂಗಿದಳು. ಕೆಳಗೆ ಇಳಿಬಿಟ್ಟಿದ್ದ ದೀಪ ಆರಿಹೋಗಿತ್ತು. ಮೊದಲು ಒಬ್ಬ ಹತ್ತಿ ಬಂದ, ಅವನ ಹಿಂದೆಯೇ ಇನ್ನೊಬ್ಬ. ಇಬ್ಬರೂ ಎದೆಯವರೆಗೆ ಒದ್ದೆ. ಅವನೆಲ್ಲಿ ಎಂದು ಅವಳು ಕೇಳಿದ್ದಕ್ಕೆ ಎರಡನೆಯವನು ಕೆಳಗೆ ಕೈ ತೋರಿಸಿದ.

ತಮ್ಮ ಏಣಿಯ ನಡುವೆ ಇದ್ದ. ಭಾವನ ಬೂಟುಗಳಲ್ಲಿ ನೀರು ತುಂಬಿ ಅವನ ಕಾಲು ಮೇಲೇಳುತ್ತಿರಲಿಲ್ಲ. ಒಂದು ಮೆಟ್ಟಿಲು ಹತ್ತುವನು, ನೀರು ಕಾಲು ಎಳೆಯುವುದು, ಒಂದು ಮೆಟ್ಟಿಲು ಜಾರುವನು.

"ಬೂಟು ಬಿಚ್ಚೋ."

"ಬರ್ತಿಲ್ಲ ಅಕ್ಕ. ಕಾಲ್ಚೀಲ ಸಿಕ್ಕಾಕ್ಕೊಂಡಿದೆ."

ಮೊದಲು ಬಂದಿದ್ದವನು ಸೊಂಟದವರೆಗೆ ತಲೆಕೆಳಗಾಗಿ ಒಳಗೆ ಬಾಗಿ ತಮ್ಮನ ಕಾಲರು ಹಿಡಿದ. ಮೇಸ್ತ್ರಿ ಓಡಿಬಂದು ಆ ಬಾಗಿದವನ ಕಾಲು ಹಿಡಿದ. ಅವಳು ಮೇಸ್ತ್ರಿಯ ಸೊಂಟದ ಪಟ್ಟಿ ಹಿಡಿದಳು. ಹಾಗೆ ಸರಪಳಿಯಾಗಿ ಎಳೆದರು. ತಮ್ಮ ಮೇಲೆ ಬಂದು ಕವುಚಿ ಬಿದ್ದು ಕೆಸರುನೀರು ಕಾರಿದ. ಅದಾದ ಸ್ವಲ್ಪ ಹೊತ್ತಿಗೆ ಕೆಳಗಿನ ಸದ್ದು ನಿಂತಿತು. ತೂಕಡಿಕೆಯೂ ಒಂದೆರಡು ಸಲ ತಪ್ಪಿಯೇ ಸರಿಯಾದದ್ದಕ್ಕೆ ಬಂದಿದ್ದ. ಅವಳು ಒತ್ತಿದ 'ನಿಲ್ಲಿಸು' ಹೋಗಿದ್ದು ಒಂದನೇ ತೊಟ್ಟಿಗೆ. ಅದು ಮೊದಲೇ ನಿಂತಿತ್ತು. ಹೇಳಿದ ಮಾತು ಕೇಳಿ ನಿಂತೇ ಇತ್ತು.

ಸಾಹೇಬರು ಬಂದರು. ಎಲ್ಲರನ್ನೂ ಮೇಲಿಂದ ಕೆಳಗೆ ನೋಡಿದರು.

"ಏನೂ ಆಗಿಲ್ವಲ್ಲ?"

"ಏನೂ ಆಗಿಲ್ಲ ಸಾರ್," ಎಂದ ಮೇಸ್ತ್ರಿ.

"ಹಂಗಾದ್ರೆ ನೀರು ಪಂಪ್ ಮಾಡಿ ತೆಗೆದು ಕೆಲಸ ಮುಗಿಸಿ. ಒಂದೇ ತೊಟ್ಟಿ ಮೇಲೆ ಊರು ನಾಳೆಯವರೆಗೆ ತಡೆಯಲ್ಲ."

"ಸರ್, ಫ್ಯೂಸ್ ತೆಗೆಸಿ ಇಳಿಸಿ," ಎಂದಳು ಅವಳು.

"ಒಂದನೇದು ಈಗಷ್ಟೇ ತೆರೆಸಿದ್ದೀನಿ. ಫ್ಯೂಸ್ ತೆಗೆದ್ರೆ ಅದನ್ನ ಮುಚ್ಚೋದ್ಹೆಂಗೆ? ಅಂಗಳದಲ್ಲಿ ಈಜ್ತೀಯಾ?" ಸಾಹೇಬರ ದನಿ ಏರಲಿಲ್ಲ. "ನಿನಗೆ ಇವತ್ತು ತಲೆ ನೆಟ್ಟಗಿಲ್ಲ. ಮನೆಗೆ ಹೋಗು. ಅವನು ಕೂತ್ಕೋತಾನೆ." ಸಾಹೇಬರು ತೂಕಡಿಕೆಯ ಕಡೆ ಕೈ ಮಾಡಿದರು.

"ಅವರೇ ಸರ್ ಅದಲುಬದಲು ಮಾಡಿದ್ದು."

"ನಾನು ರಜೆ ನೋಡಿದ್ದು," ಎಂದ ತೂಕಡಿಕೆ. ಅವನು ಆಗಷ್ಟೇ ಏದುಸಿರು ಬಿಡುತ್ತ ಬಂದಿದ್ದ. ಅವನ ಮುಖ ಬೂದಿಯಾಗಿತ್ತು. "ತೆರೆದದ್ದು ನಾನಲ್ಲಮ್ಮ."

ಅದು ನಿಜ.

ಅವಳು ತಮ್ಮನ ಕಡೆ ತಿರುಗಿದಳು. ಅವನು ಬೂಟು ಬೋರಲು ಹಾಕಿ ನೀರು ಸುರಿಯುತ್ತಿದ್ದ.

"ಇಳೀಬೇಡ. ಮನೆಗೆ ನಡಿ."

"ಹೋದ್ರೆ ನಾಳೆ ಮೇಸ್ತ್ರಿ ಇನ್ನೊಬ್ಬನ್ನ ಕರೀತಾರೆ."

"ಕರೀಲಿ."

"ಕರೀಲಿ ಅನ್ನೋಕೆ ನಿನಗೇನು, ಕುರ್ಚಿ ಇದೆ." ಅವನು ಅವಳ ಮುಖ ನೋಡದೆ ಹೇಳಿದ. "ನೀನು ಅಲ್ಲಿ ಕೂರದಿದ್ರೆ ಸಾಕು. ಅವರು ಕೂತರೆ ನಾನು ಇಳೀತೀನಿ. ತೆರೆದೋಳು ನೀನು ತಾನೆ."

ಮೇಸ್ತ್ರಿ ಫ್ಯಾನಿನ ವೈರು ಹುಡುಕಿ ಚುಚ್ಚಿದ. ಅದು ಮತ್ತೆ ಅರಚತೊಡಗಿತು. ನೀರು ತೆಗೆಯುವ ಪಂಪು ಇಳಿಸಿದರು. ಬಿಸಿಲು ಅಂಗಳದ ಅರ್ಧಕ್ಕೆ ಸರಿಯುವಷ್ಟರಲ್ಲಿ ಕೆಳಗೆ ಮೊಣಕಾಲುದ್ದ ಮಾತ್ರ ಉಳಿಯಿತು. ಅಲ್ಲಿಯವರೆಗೆ ಅವಳು ಮನೆಗೆ ಹೋಗಲಿಲ್ಲ. ಗೋಡೆಯ ಪಕ್ಕ ಒಂದೇ ಚಪ್ಪಲಿಯಲ್ಲಿ ನಿಂತಿದ್ದಳು.

ಮೇಲೆ ಆ ಕುರ್ಚಿಯಲ್ಲಿ ತೂಕಡಿಕೆ ಕೂತಿರುತ್ತಾನೆ. ಹೆದರಿದ್ದಾನೆ, ಇವತ್ತು ನಿದ್ದೆ ಮಾಡುವುದಿಲ್ಲ. ಅಂಕಿಯನ್ನು ಹತ್ತು ಸಲ ನೋಡುತ್ತಾನೆ. ಆಮೇಲೆ ಫೋನು ಬರುತ್ತದೆ, ಬೈಗುಳ ಬರುತ್ತದೆ, ಮತ್ತೊಂದು ಫೋನು ಬರುತ್ತದೆ. ಅವನ ಕಣ್ಣು ಫೋನಿನ ಕಡೆ ಹೋಗುತ್ತದೆ, ಎಡಗೈ ತಟ್ಟುತ್ತದೆ. ಅವಳಿಗೆ ಅಲ್ಲಿಂದಲೇ ಆ ಕೈ ಕಾಣುತ್ತಿತ್ತು. ಅದು ಅವನ ಕೈಯೂ ಹೌದು, ಅವಳ ಕೈಯೂ ಹೌದು. ಆ ಕುರ್ಚಿಯಲ್ಲಿ ಕೂತ ಯಾರ ಕೈಯಾದರೂ ಹೌದು.

ಮೇಸ್ತ್ರಿಯ ಫೋನು ಬಂತು. ಅವನು ಅದನ್ನು ಎಲ್ಲರಿಗೂ ಕೇಳುವಂತೆ ಹಿಡಿದ.

"ಹಿಂದೆ ಹಾಕಿದ್ದೀನಿ," ಎಂದಿತು ತೂಕಡಿಕೆಯ ದನಿ. "ಮೂರು ಸಲ ನೋಡಿದ್ದೀನಿ. ಇಳಿಸಿ."

ತಮ್ಮ ಬರಿಗಾಲಲ್ಲಿ ಏಣಿಯ ಮೇಲೆ ಕಾಲಿಟ್ಟ. ತಲೆ ಮರೆಯಾಗುವವರೆಗೂ ಅವಳ ಕಡೆ ನೋಡಲಿಲ್ಲ.

ಅವಳು ಪ್ಯಾನೆಲ್ ಕೋಣೆಗೆ ಹೋದಳು. ಬೀಗ ಇರಲಿಲ್ಲ, ಅಗಳಿ ಮಾತ್ರ. ಒಳಗೆ ಬೆಚ್ಚಗಿತ್ತು, ಗುಂಯ್ ಎನ್ನುತ್ತಿತ್ತು. ಗೋಡೆಯ ಮೇಲೆ ಪಿಂಗಾಣಿ ಹಿಡಿಯ ಫ್ಯೂಸುಗಳ ಸಾಲು, ತಲೆಯ ಮೇಲೆ 'ವಾಲ್ವ್' ಎಂದು ಮಾಸಿದ ಅಕ್ಷರ. ಅವಳು ಆ ಸಾಲನ್ನು ಒಂದೂ ಬಿಡದೆ ಕಿತ್ತಳು. ಗುಂಯ್ ಎನ್ನುವುದು ಒಂದು ಪಾಲು ಕಡಿಮೆಯಾಯಿತು. ಬಾಗಿಲನ್ನು ಒಳಗಿನಿಂದ ಹಾಕಿ, ಫ್ಯೂಸುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಮೊದಲು ಎಲ್ಲೋ ಫೋನು ಬಡಿದುಕೊಂಡಿತು. ಆಮೇಲೆ ಓಡಾಟ. ಆಮೇಲೆ ಸಾಹೇಬರ ದನಿ ಬಾಗಿಲಿನ ಆಚೆ.

"ಒಂದನೇದು ಮುಚ್ತಾ ಇಲ್ಲ. ಏನಮ್ಮ ಮಾಡ್ತಿದ್ದೀಯಾ? ತೆಗಿ ಬಾಗಿಲು. ನಿನ್ನ ಕೆಲಸ ಹೋಗುತ್ತೆ, ಗೊತ್ತಾಗುತ್ತಾ?"

ಅವಳಿಗೆ ಗೊತ್ತಾಗುತ್ತಿತ್ತು. ತೊಟ್ಟಿ ಉಕ್ಕುತ್ತದೆ, ಅಂಗಳ ತುಂಬುತ್ತದೆ, ಬರೀ ಕೆಲಸ ಹೋಗಿ ಇದು ಮುಗಿಯುವುದೂ ಇಲ್ಲ. ಅವಳು ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿದಳು.

ಮೇಸ್ತ್ರಿ ಬಂದ. ತೂಕಡಿಕೆ ಬಂದ, ತಾಯಿ, ನನ್ನ ಮುಖ ನೋಡಿಯಾದರೂ ತೆಗಿ ಎಂದ. ಸ್ವಲ್ಪ ಹೊತ್ತು ಯಾರೂ ಇರಲಿಲ್ಲ. ಆ ಹೊತ್ತು ಅವಳಿಗೆ ಸಹಿಸಲು ಕಷ್ಟವಾಯಿತು. ಆಮೇಲೆ ನೆಲದ ಮೇಲೆ ಒದ್ದೆ ಬರಿಗಾಲಿನ ಪಚಪಚ ಸದ್ದು ಬಂತು. ಬಾಗಿಲು ಅವಳ ಬೆನ್ನಿಗೆ ಗುದ್ದಿತು.

"ಅಕ್ಕ, ತೆಗಿ. ನನ್ನ ಕೂಲಿಗೂ ಕಲ್ಲು ಹಾಕ್ಬೇಡ."

ಅವಳು ಉಸಿರು ಬಿಟ್ಟಳು.

"ಅಕ್ಕ. ಕೇಳಿಸ್ತಿದ್ಯಾ? ಎಲ್ಲರೆದುರು ಮರ್ಯಾದೆ ತೆಗೀತಿದ್ದೀಯಾ. ನನ್ನ ಕರೆಸಿದ್ದಾರೆ, ನಿಮ್ಮಕ್ಕನ್ನ ಎಬ್ಬಿಸು ಅಂತ. ತೆಗಿ, ನಾನು ಹೋಗಿ ಕೆಲಸ ಮುಗಿಸ್ಬೇಕು."

ಬಾಗಿಲ ಕೆಳಗಿನ ಸಂದಿಯಿಂದ ತೆಳ್ಳಗೆ ನೀರು ಒಳಗೆ ಹರಿದು ಬಂದು ಅವಳ ಬರಿಗಾಲಿಗೆ ತಾಗಿತು. ಅವಳು ಕಾಲನ್ನು ಒಳಗೆಳೆದುಕೊಂಡು ಫ್ಯೂಸುಗಳನ್ನು ಎತ್ತರಕ್ಕೆ ಹಿಡಿದಳು. ತಮ್ಮ ಬೈಯುತ್ತಿದ್ದ, ಬಡಿಯುತ್ತಿದ್ದ. ಅವನು ಬಡಿಯುತ್ತಿರುವಷ್ಟು ಹೊತ್ತು ಅವನು ನೆಲದ ಮೇಲಿದ್ದ. ಅವಳು ಬಾಗಿಲು ತೆಗೆಯಲಿಲ್ಲ.